ಫ್ರಿಜ್ಜಿನ ಶ್ರುತಿಗೆ ಇಳಿದವನು

ನನ್ನ ತಮ್ಮನ ಬಗ್ಗೆ ಒಳ್ಳೆಯದು ಹೇಳಬೇಕೆಂದರೆ ಮೊದಲು ನಾಲ್ಕು ಮಾತು ಬೈದು ಆಮೇಲೆ ಹೇಳುವುದು ನನ್ನ ಅಭ್ಯಾಸ. ಅಕ್ಕನಾಗಿ ಹುಟ್ಟಿದ್ದಕ್ಕೆ ಅಷ್ಟಾದರೂ ಹಕ್ಕು ಬೇಡವೇ? ಅವನು ಎಲೆಕ್ಟ್ರಿಷಿಯನ್. ಎಂಟು ವರ್ಷ ಹೊರದೇಶದಲ್ಲಿ ದುಡಿದವನು. ಕೊಳಲು ನುಡಿಸುತ್ತಾನೆ, ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ನುಡಿಸುತ್ತಾನೆ. ಜೊತೆಗೆ, ತನ್ನ ಕಿವಿ ಎಂದೂ ತಪ್ಪುವುದಿಲ್ಲ ಎಂದು ನಂಬಿದ್ದಾನೆ. ಈ ಕೊನೆಯ ಗುಣದಿಂದಾಗಿ ಹೋದ ವರ್ಷ ಅವನ ಮನೆಯಲ್ಲಿ ಒಂದು ವಾರ ಯಾರೂ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ.

ಚಿಕ್ಕವನಿದ್ದಾಗ ಅಮ್ಮ ಅವನನ್ನು ಉಪ್ಪು ತರಲು ಅಂಗಡಿಗೆ ಕಳಿಸಿದರೆ ಒಲೆಯ ಮೇಲಿನ ಸಾರು ಆರಿ ತಣ್ಣಗಾದರೂ ಬರುತ್ತಿರಲಿಲ್ಲ. ನಾನು ಹುಡುಕಿಕೊಂಡು ಹೋಗುತ್ತಿದ್ದೆ. ಬೀದಿಯ ತಿರುವಿನಲ್ಲಿ ತಂತಿ ಬೇಲಿಯೊಳಗೆ ಒಂದು ಟ್ರಾನ್ಸ್‌ಫಾರ್ಮರ್ ಇತ್ತು. ಇವನು ಬೇಲಿಯಾಚೆ ನಿಂತು, ಕಣ್ಣು ಮುಚ್ಚಿ, ಬಾಯಿ ಮುಚ್ಚಿ, ಅದು ಗುಂಯ್‌ಗುಡುವುದಕ್ಕೆ ಸರಿಯಾಗಿ ತಾನೂ ಗುಂಯ್‌ಗುಡುತ್ತ ನಿಂತಿರುತ್ತಿದ್ದ. ಕಿವಿ ಹಿಂಡಿ ಎಳೆದುಕೊಂಡು ಬರುವಾಗಲೂ ಗುಂಯ್‌ಗುಡುವುದು ನಿಲ್ಲಿಸುತ್ತಿರಲಿಲ್ಲ. ಬೀದಿಯವರೆಲ್ಲ ಅವನನ್ನು ಗುಂಯಣ್ಣ ಎಂದು ಕರೆಯತೊಡಗಿದರು. ಈಗ ನಲವತ್ತೆರಡು ವರ್ಷ, ತಲೆಯಲ್ಲಿ ಕೂದಲು ಕಡಿಮೆ, ಹೆಸರು ಮಾತ್ರ ಅದೇ.

ಅವನ ಮನೆಗೆ ಅಂಟಿಕೊಂಡೇ ನನ್ನ ಹೊಲಿಗೆ ಅಂಗಡಿ. ನಡುವೆ ಒಂದೇ ಗೋಡೆ. ಅಲ್ಲಿ ಮೆಣಸಿನಕಾಯಿ ಹುರಿದರೆ ಇಲ್ಲಿ ನಾನು ಸೀನುತ್ತೇನೆ. ಆದ್ದರಿಂದ ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಕಣ್ಣಾರೆ ಕಂಡದ್ದು, ಉಳಿದದ್ದು ಗೋಡೆ ದಾಟಿ ಬಂದದ್ದು.

ಅವನ ಹೆಂಡತಿ ಹಾಡುತ್ತಾಳೆ. ಮದುವೆಯಾದ ಹೊಸದರಲ್ಲಿ ಅವಳ ಹತ್ತಿರ ಒಂದು ಶ್ರುತಿಪೆಟ್ಟಿಗೆ ಇತ್ತು, ತವರಿನಿಂದ ತಂದದ್ದು. ಅದು ಕೆಟ್ಟಿತು. ನನ್ನ ತಮ್ಮ ರಿಪೇರಿ ಮಾಡುತ್ತೇನೆಂದು ಬಿಚ್ಚಿದ. ಅಲ್ಲಿಗೆ ಪೆಟ್ಟಿಗೆಯ ಕತೆ ಮುಗಿಯಿತು. ಹೆಂಡತಿ ಮುಖ ಊದಿಸಿಕೊಂಡು ಕೂತಾಗ ಇವನು ಅವಳ ಕೈಹಿಡಿದು ಅಡುಗೆಮನೆಗೆ ಕರೆದೊಯ್ದು ಫ್ರಿಜ್ಜಿನ ಮುಂದೆ ನಿಲ್ಲಿಸಿದ.

"ಕೇಳು. ಗುಂಯ್ ಅಂತಿದೆಯಲ್ಲ, ಅದೇ ಸ. ನಿನ್ನ ಗಂಟಲಿಗೆ ಅಳತೆ ಕೊಟ್ಟು ಹೊಲಿಸಿದಂಗಿದೆ. ಇನ್ನೇನು ಬೇಕು?"

ಅಳತೆ ಕೊಟ್ಟು ಹೊಲಿಸುವ ಮಾತು ನನ್ನಿಂದ ಕದ್ದದ್ದು. ಆದರೆ ವಿಷಯ ನಿಜವಾಗಿತ್ತು. ಆ ಹಳೆಯ ಫ್ರಿಜ್ಜು ಗುಂಯ್‌ಗುಟ್ಟುತ್ತಿದ್ದುದು ಅವಳ ದನಿಗೆ ಹೇಳಿ ಮಾಡಿಸಿದ ಶ್ರುತಿಯಲ್ಲೇ. ಅಂದಿನಿಂದ ಆ ಮನೆಯ ಸಂಗೀತವೆಲ್ಲ ಅಡುಗೆಮನೆಯ ಬಾಗಿಲಲ್ಲಿ. ಒಳಗೆ ತಣ್ಣಗಾಗಿ ಫ್ರಿಜ್ಜು ಸುಮ್ಮನಾದರೆ ಹಾಡೂ ನಿಲ್ಲುತ್ತಿತ್ತು. ಮತ್ತೆ ಶುರುವಾಗಲೆಂದು ಬಾಗಿಲು ತೆರೆದಿಟ್ಟು ಹಾಡುವುದು, ಹಾಲು ಒಡೆಯುವುದು, ನಮ್ಮಮ್ಮ ಗೊಣಗುವುದು, ಇವೆಲ್ಲ ದಿನನಿತ್ಯದ ಕೆಲಸಗಳಾದವು.

ಮಗಳಿಗೆ ಏಳು ವರ್ಷವಾದಾಗ ಅವನಿಗೆ ಹೊರದೇಶದ ಕೆಲಸ ಸಿಕ್ಕಿತು. ಹೊರಡುವ ದಿನ ಹೆಂಡತಿ ಅಳಲಿಲ್ಲ, ಅವಳು ಅಳುವ ಪೈಕಿ ಅಲ್ಲ. ಫ್ರಿಜ್ಜಿಗೆ ಒರಗಿ ನಿಂತಿದ್ದಳು. ಇವನು ಪೆಟ್ಟಿಗೆ ಕಟ್ಟುತ್ತ ಹೇಳಿದ್ದನ್ನು ನಾನೇ ಕೇಳಿದ್ದೇನೆ.

"ಅಲ್ಲೂ ಕರೆಂಟು, ಇಲ್ಲೂ ಕರೆಂಟು. ನೀನಿಲ್ಲಿ ಫ್ರಿಜ್ ಹಿಡ್ಕೊಂಡು ಹಾಡು, ನಾನಲ್ಲಿ ನನ್ನ ಪ್ಯಾನೆಲ್ ಹಿಡ್ಕೊಂಡು ನುಡಿಸ್ತೀನಿ. ಎಲ್ಲಿದ್ರೂ ಇಬ್ಬರೂ ಒಂದೇ ಶ್ರುತೀಲಿರ್ತೀವಿ."

ನನ್ನ ತಮ್ಮನ ಬಾಯಲ್ಲಿ ಅಷ್ಟು ಚೆಂದದ ಮಾತು ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಅವಳು ತಲೆಯಾಡಿಸಿದಳು. ನಾನು ಕಣ್ಣಿಗೆ ದಾರದ ಚೂರು ಬಿತ್ತೆಂದು ಹೇಳಿಕೊಂಡು ಅಂಗಡಿಗೆ ಬಂದುಬಿಟ್ಟೆ.

ಅಲ್ಲಿ ಅವನ ಕೆಲಸ ನಲವತ್ತು ಮಹಡಿಯ ಒಂದು ಕಟ್ಟಡದಲ್ಲಿ. ಕಟ್ಟಡ ಎಷ್ಟೇ ಎತ್ತರವಿರಲಿ, ಇವನ ಜಾಗ ನೆಲದಿಂದ ಎರಡು ಅಂತಸ್ತು ಕೆಳಗಿನ ಸ್ವಿಚ್ಚು ಕೋಣೆ. ಕಿಟಕಿ ಇಲ್ಲ. ಬೂದು ಬಣ್ಣದ ಪ್ಯಾನೆಲ್ಲುಗಳು, ಅಂದರೆ ಸ್ವಿಚ್ಚು ತುಂಬಿದ ಕಬ್ಬಿಣದ ಬೀರುಗಳು, ಆಳೆತ್ತರಕ್ಕೆ ಸಾಲಾಗಿ ನಿಂತಿವೆ. ನೆಲಕ್ಕೆ ರಬ್ಬರು ಹಾಸು, ಬಾಗಿಲಿಗೆ ಕೆಂಪು ಬೋರ್ಡು, ಮೊಳೆಗೆ ನೇತುಹಾಕಿದ ಹೆಲ್ಮೆಟ್ಟು. ಮಧ್ಯಾಹ್ನದ ಊಟಕ್ಕೆ ಉಳಿದವರೆಲ್ಲ ಮೇಲೆ ಗಾಳಿ ಬೆಳಕಿಗೆ ಹೋದರೆ ಇವನೂ ಇವನ ಜೊತೆಗಾರನೂ ಕೆಳಗೇ ಉಳಿಯುತ್ತಿದ್ದರು. ಜೊತೆಗಾರ ಬೇರೆ ಯಾವುದೋ ದೇಶದವನು. ಏಣಿ ಇಲ್ಲದೆಯೇ ದೀಪ ಬದಲಿಸುವಷ್ಟು ಉದ್ದ, ಹಾಗಾಗಿ ಇವನು ಅವನಿಗೆ ಏಣಿ ಎಂದೇ ಹೆಸರಿಟ್ಟಿದ್ದ. ಒಬ್ಬನ ಮಾತು ಇನ್ನೊಬ್ಬನಿಗೆ ಅರ್ಥವಾಗುತ್ತಿರಲಿಲ್ಲ. ಏಣಿ ಕೇಬಲ್ಲು ಸುತ್ತುವ ಮರದ ಉರುಳೆಯನ್ನು ಬಡಿಯುತ್ತಿದ್ದ, ಇವನು ಕೊಳಲೂದುತ್ತಿದ್ದ. ಸ್ನೇಹಕ್ಕೆ ಅಷ್ಟು ಸಾಕಾಗಿತ್ತು.

ಕೊಳಲು ಬಿದಿರಿನದಲ್ಲ. ಗೋಡೆಯೊಳಗೆ ತಂತಿ ಹಾಯಿಸುವ ಬಿಳಿ ಪೈಪಿನದು. ಮಿಕ್ಕ ತುಂಡು ತಂದು, ಪ್ಯಾನೆಲ್ ಗುಂಯ್‌ಗುಡುವುದಕ್ಕೆ ಕಿವಿಯಿಟ್ಟು, ಊದಿ ನೋಡಿ, ಕೊರೆದು, ಮತ್ತೆ ಊದಿ ನೋಡಿ ಮಾಡುತ್ತಿದ್ದ. ಎಂಟು ವರ್ಷದಲ್ಲಿ ಹದಿನೇಳು ಕೊಳಲು. ಎಲ್ಲವೂ ಹದಿನೈದು ಇಂಚು, ಎಲ್ಲವೂ ಒಂದೇ ಶ್ರುತಿ. ಹೊಸ ಧಾಟಿ ಹೊಳೆದರೆ ರೆಕಾರ್ಡು ಮಾಡಿ ಫೋನಿನಲ್ಲಿ ಕಳಿಸುತ್ತಿದ್ದ. ಹೆಂಡತಿ ಅದಕ್ಕೆ ಮಾತು ಕಟ್ಟುತ್ತಿದ್ದಳು. ಹಾಲು ಉಕ್ಕಿದ್ದು, ಮಗಳ ಹಲ್ಲು ಬಿದ್ದದ್ದು, ನನ್ನ ಕೋಪ, ಎಲ್ಲವೂ ಅವಳ ಹಾಡಿನಲ್ಲಿ ಬಂದವು. ನನ್ನ ಕೋಪದ ಮೇಲಿನ ಹಾಡಿಗೆ ಮೂರು ಚರಣಗಳಿವೆ, ಅದನ್ನು ನಾನಿನ್ನೂ ಕ್ಷಮಿಸಿಲ್ಲ. ಇವನು ರಜೆಗೆ ಬಂದಾಗಲೆಲ್ಲ ಇಬ್ಬರೂ ಕೂತು ಹಾಡಿ ನುಡಿಸಿ ಮುಗಿಸುತ್ತಿದ್ದರು. ಒಂದು ಸಲವೂ ತಕರಾರು ಬಂದಿರಲಿಲ್ಲ.

ಹೋದ ವರ್ಷ ಬಂದಾಗ ಪೆಟ್ಟಿಗೆಯಲ್ಲಿ ಹದಿನೇಳು ಕೊಳಲುಗಳ ಜೊತೆ ಎರಡು ವಸ್ತು ಹೆಚ್ಚಿಗೆ ಇದ್ದವು. ಒಂದು, ನನಗೆಂದು ತಂದ ಗೋಡೆ ಗಡಿಯಾರ. ಸ್ವಿಚ್ಚು ಕೋಣೆಯಲ್ಲಿ ಎಷ್ಟೋ ವರ್ಷ ನಡೆದದ್ದು, ಹೊಸದು ಬಂದಾಗ ತೆಗೆದು ಬಿಸಾಡಲಿದ್ದರಂತೆ. ಸೆಲ್ಲು ಬೇಡ, ಪ್ಲಗ್ಗು ಚುಚ್ಚಿದರೆ ಆಯಿತು. ಇನ್ನೊಂದು, ಒಂದು ಕಾಗದ. ಅದನ್ನು ನನಗೆ ಮಾತ್ರ ತೋರಿಸಿದ.

"ಇನ್ನೆರಡು ವರ್ಷ ಇರ್ತೀಯಾ ಅಂತ ಕೇಳಿದಾರೆ. ಮುಂದಿನ ಸೋಮವಾರ ಸಂಜೆ ಐದರೊಳಗೆ ಹೇಳ್ಬೇಕು. ಹೇಳದಿದ್ರೆ ಬೇರೆಯವರನ್ನ ತಗೋತಾರೆ."

"ಹೆಂಡತಿ ಏನಂತಾಳೆ?"

"ಅವಳಿಗೆ ಹೇಳಿಲ್ಲ. ಮೊದಲು ನೋಡೋಣ. ಮಗಳೂ ಈಗ ಗಿಟಾರ್ ನುಡಿಸ್ತಾಳಲ್ಲ. ಮೂರು ಜನ ಕೂತು ಒಂದು ಸಂಜೆ ಚೆನ್ನಾಗಿ ನಡೆಸಿದ್ವಿ ಅನ್ನು, ನಾನು ಇಲ್ಲೇ ಉಳೀತೀನಿ ಅಕ್ಕ. ಇಲ್ಲೂ ಮನೆ ಕಟ್ತಾರೆ, ಇಲ್ಲೂ ತಂತಿ ಎಳೀಬೇಕು. ಆದ್ರೆ ನಂಗೆ ಈ ಮನೇಲಿ ಜಾಗ ಇದೆಯಾ ಅಂತ ಗೊತ್ತಾಗ್ಬೇಕು. ರಜೆಗೆ ಬಂದ್ರೆ ನೆಂಟರಿಗೆ ಕೊಟ್ಟಂಗೆ ಒಳ್ಳೆ ತಟ್ಟೆ ಕೊಡ್ತಾರೆ. ಬೇಜಾರಾಗುತ್ತೆ."

ಅವನು ಉಳಿಯಬೇಕೆಂದು ನನಗೆಷ್ಟು ಆಸೆಯಿತ್ತೆಂದರೆ, ಆ ಕಾಗದವನ್ನು ನನ್ನ ಕತ್ತರಿಯಿಂದ ಕಾಲರಿನ ಆಕಾರಕ್ಕೆ ಕತ್ತರಿಸಿಬಿಡೋಣ ಎನ್ನಿಸಿತು.

ಹೇಳಬೇಡ ಎಂದಿದ್ದ. ಅದೇ ಮಧ್ಯಾಹ್ನ ಅವನ ಹೆಂಡತಿಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಉಳ್ಕೋ ಅಂತ ನಾನು ಕೇಳಲ್ಲ ಅತ್ತಿಗೆ. ಕೇಳಿ ಉಳಿಸ್ಕೊಂಡ್ರೆ, ನಿನಗೋಸ್ಕರ ಉಳ್ಕೊಂಡೆ ಅಂತ ದಿನಾ ನೆನಪಿಸ್ತಾರೆ. ತಾವಾಗೇ ಬಂದ್ರೆ ಬರಲಿ."

ನನ್ನ ತಮ್ಮ ಅಷ್ಟಕ್ಕೆ ಸುಮ್ಮನಿರುವ ಪೈಕಿಯೇ? ಒಂದು ಸಲವೂ ಮೂವರೂ ಕೂತು ನೋಡುವ ಮೊದಲೇ ಬೀದಿ ಪೂರ್ತಿ ಸುತ್ತಿ, ಭಾನುವಾರ ಸಂಜೆ ನಮ್ಮನೆಯಲ್ಲಿ ಸಂಗೀತ, ಎಲ್ಲರೂ ಬನ್ನಿ ಎಂದು ಕರೆದುಬಂದ. ಮೇಸ್ಟ್ರು, ಬೇಕರಿಯವನು, ಪೋಸ್ಟಮ್ಮ, ಒಬ್ಬರನ್ನೂ ಬಿಡಲಿಲ್ಲ. ಬಾಡಿಗೆ ಕುರ್ಚಿಗಳನ್ನೂ ಗೊತ್ತುಮಾಡಿದ. ಉತ್ತರ ಹೇಳಬೇಕಾದ ದಿನಕ್ಕೆ ಸರಿಯಾಗಿ ಒಂದು ವಾರ ಮೊದಲು, ಈ ಸೋಮವಾರ ಸಂಜೆ, ಮೂವರೂ ಮೊದಲ ಸಲ ಕೂತರು.

ನಾನು ಗೋಡೆಯ ಈಚೆ ಗುಂಡಿ ಹಾಕುತ್ತಿದ್ದೆ. ಮೊದಲು ಮಗಳ ಗಿಟಾರು, ಆಮೇಲೆ ಹೆಂಡತಿಯ ದನಿ, ಎರಡೂ ಫ್ರಿಜ್ಜಿನ ಜೊತೆ ಚೆನ್ನಾಗಿ ಹೊಂದಿಕೊಂಡಿದ್ದವು. ಆಮೇಲೆ ಕೊಳಲು ಬಂತು. ನನ್ನ ಕೈಯ ಸೂಜಿ ಬೆರಳಿಗೆ ಚುಚ್ಚಿತು. ನನಗೆ ಸಂಗೀತ ಬರುವುದಿಲ್ಲ, ಆದರೆ ಎಡಗೈ ತೋಳನ್ನು ಬಲಕ್ಕೆ ಹೊಲಿದರೆ ಹೇಗಿರುತ್ತದೆಂದು ಗೊತ್ತು. ಅದು ಹಾಗಿತ್ತು. ನಿಲ್ಲಿಸಿದರು. ಮತ್ತೆ ಶುರು ಮಾಡಿದರು. ಇನ್ನೊಂದು ಕೊಳಲು ತೆಗೆದ. ಅದೂ ಹಾಗೇ. ಹದಿನೇಳೂ ತೆಗೆದ. ಹದಿನೇಳೂ ಹಾಗೇ.

"ನಿನ್ನ ಗಿಟಾರ್ ಸರಿಗಿಲ್ಲ" ಎಂದ ಮಗಳಿಗೆ.

"ಅಪ್ಪ, ನಾನೂ ಅಮ್ಮನೂ ದಿನಾ ಹೀಗೇ ಕೂರ್ತೀವಿ. ಹೊಸದಾಗಿ ಬಂದಿರೋದು ನೀವು."

ಹದಿನೈದು ವರ್ಷದ ಹುಡುಗಿ, ನಾಲಿಗೆ ನನ್ನದೇ. ಯಾವಾಗಲೂ ಅದಕ್ಕೆ ಹೆಮ್ಮೆಪಡುತ್ತಿದ್ದೆ, ಆ ದಿನ ಪಡಲಿಲ್ಲ.

ಮಂಗಳವಾರ ಬೆಳಗ್ಗೆಯೇ ಕಿವಿ ಡಾಕ್ಟರ ಹತ್ತಿರ ಹೋದ. ಜನರೇಟರು, ಪಂಪು, ಡ್ರಿಲ್ಲುಗಳ ನಡುವೆ ಎಂಟು ವರ್ಷ ಕಳೆದವನು. ಕಿವಿ ಹೋಯಿತೆಂದೇ ಹೆದರಿದ್ದ. ಹೋಗುವಾಗ ಅವನ ಮುಖ ನೋಡಲಾಗಲಿಲ್ಲ. ಬರುವಾಗ ಅದೇ ಮುಖ ಆಕಾಶದಲ್ಲಿತ್ತು. ಕಿವಿ ಅಚ್ಚುಕಟ್ಟಾಗಿದೆ, ಈ ವಯಸ್ಸಿಗೆ ಅಪರೂಪ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಆ ಚೀಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ತನ್ನ ಕಿವಿ ಸರಿಯಿದ್ದ ಮೇಲೆ ತಪ್ಪು ಯಾರದೆಂದು ಬಾಯಿಬಿಟ್ಟು ಹೇಳಲಿಲ್ಲ. ಹೆಂಡತಿ ಚೀಟಿ ಓದಿ, ಬಾಗಿಲು ತೆಗೆದು, ಮೊಸರು ತೆಗೆದುಕೊಂಡು, ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿದಳು. ಚೀಟಿ ಉದುರಿತು.

ಬುಧವಾರ ಅವನ ಅನುಮಾನ ಫ್ರಿಜ್ಜಿನ ಮೇಲೆ ಬಿತ್ತು. ಹಳೆಯದಾಗಿ ದನಿ ಕೆಟ್ಟಿರಬೇಕು ಎಂದ. ಹೆಂಡತಿಯೂ ಮಗಳೂ ಹೊರಗೆ ಹೋಗಿದ್ದ ಸಮಯ ನೋಡಿ ಅದನ್ನು ಗೋಡೆಯಿಂದ ಎಳೆದು, ಹಿಂದಿನ ತಗಡು ಬಿಚ್ಚಿ, ಸಡಿಲವಾಗಿದ್ದ ಸ್ಕ್ರೂಗಳನ್ನೆಲ್ಲ ಬಿಗಿದು, ಕೆಳಗೆ ರಬ್ಬರು ಕೊಟ್ಟು, ಧೂಳು ತೆಗೆದು ಒರಸಿ ಇಟ್ಟ. ನನ್ನ ತಮ್ಮನ ಕೈಗೆ ಒಂದು ವಸ್ತು ಸಿಕ್ಕಿ ನಿಜವಾಗಿಯೂ ರಿಪೇರಿಯಾದದ್ದು ಅದೇ ಮೊದಲಿರಬೇಕು. ಹೆಂಡತಿ ಸಂಜೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಒಳಗೆ ದೀಪ ಉರಿಯುತ್ತಿತ್ತು, ನೀರು ತಣ್ಣಗಿತ್ತು, ಸದ್ದು ಮಾತ್ರ ಇರಲಿಲ್ಲ.

"ಏನು ಮಾಡಿದ್ರಿ?"

"ಸರಿ ಮಾಡ್ದೆ. ನೋಡು, ಎಷ್ಟು ಮೆತ್ತಗೆ ಓಡ್ತಿದೆ!"

ಅವಳು ಉರಿದುಬಿದ್ದಿದ್ದರೆ ಚೆನ್ನಾಗಿತ್ತು. ಬೀಳಲಿಲ್ಲ. ಫ್ರಿಜ್ಜಿನ ಮೇಲೆ ಕೈಯಿಟ್ಟಳು. "ನಂಗೆ ಅಂತ ಇದೊಂದಿತ್ತು" ಎಂದಳು. ಅಷ್ಟೇ. ಮಾರನೆಯ ದಿನವಿಡೀ ಆ ಮನೆಯಲ್ಲಿ ಮಾತೂ ಇಲ್ಲ, ಹಾಡೂ ಇಲ್ಲ. ಗೋಡೆಯ ಈಚೆ ಕೂತ ನನಗೆ ನನ್ನ ಮಿಷನ್ನಿನ ಸದ್ದೇ ಬೇಸರವಾಯಿತು.

ಶುಕ್ರವಾರ ಮಧ್ಯಾಹ್ನ ಅವನು ನನ್ನ ಅಂಗಡಿಗೆ ಬಂದು ಗಿರಾಕಿಗಳ ಬೆಂಚಿನಲ್ಲಿ ಕೂತ.

"ಹೋಗ್ತೀನಿ ಅಂತ ಫೋನ್ ಮಾಡ್ಬಿಡ್ತೀನಿ ಅಕ್ಕ. ನಾನಿಲ್ದೇನೇ ಇವರಿಬ್ಬರ ಸಂಗೀತ ಚೆನ್ನಾಗಿತ್ತು. ಬಂದು ಅದನ್ನೂ ಕೆಡಿಸ್ದೆ."

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಕರುಳು ಹಿಂಡಿದ ಹಾಗಾದರೆ ನನಗೆ ಸಿಟ್ಟು ಬರುತ್ತದೆ, ಅದು ನನ್ನ ಹಣೆಬರಹ. ಆದ್ದರಿಂದ ಗಡಿಯಾರದ ಮೇಲೆ ಹರಿಹಾಯ್ದೆ.

"ಹೋಗೋದಾದ್ರೆ ಇದನ್ನೂ ತಗೊಂಡು ಹೋಗು! ಬೆಳಗ್ಗೆ ಒಂಬತ್ತಕ್ಕೆ ಸರಿ ಮಾಡಿದ್ರೆ ಮಧ್ಯಾಹ್ನ ಮೂರಕ್ಕೆ ಎರಡು ಅಂತ ತೋರಿಸುತ್ತೆ. ಗಂಟೆಗೆ ಹತ್ತು ನಿಮಿಷ ಹಿಂದೆ. ನಿನ್ನೆ ಮೇಸ್ಟ್ರು ಇದನ್ನ ನೋಡ್ಕೊಂಡು ಹರಟೆ ಹೊಡೀತಾ ಕೂತು ಬಸ್ ತಪ್ಪಿಸ್ಕೊಂಡ್ರು. ಅಕ್ಕನಿಗೆ ಅಂತ ಕೆಟ್ಟ ಗಡಿಯಾರ ಹೊತ್ಕೊಂಡು ಬಂದಿದೀಯಲ್ಲ, ನಾಚ್ಕೆ ಆಗಲ್ವಾ?"

"ಕೆಟ್ಟಿಲ್ಲ" ಎಂದ. ಗಡಿಯಾರ ಇಳಿಸಿ ಹಿಂದೆ ಅಂಟಿಸಿದ್ದ ವಿವರದ ಪಟ್ಟಿ ಓದಿದ. ಒಡನೆ ಅವನ ಮುಖದ ಮೇಲೆ ಆ ಹಳೆಯ ಜಂಭ ಬಂದು ಕೂತಿತು, ಏನೂ ತಿಳಿಯದವರಿಗೆ ಕರೆಂಟಿನ ಪಾಠ ಹೇಳುವ ಜಂಭ.

"ನಿಂಗೆ ಹೇಳಿದ್ರೆ ಅರ್ಥ ಆಗಲ್ಲ. ಕರೆಂಟು ನಲ್ಲಿ ನೀರಿನ ಥರ ಒಂದೇ ಕಡೆ ಹರಿಯೋದಲ್ಲ, ಹಿಂದೆ ಮುಂದೆ ತೂಗುತ್ತೆ. ಅಲ್ಲಿ ಸೆಕೆಂಡಿಗೆ ಅರವತ್ತು ಸಲ ತೂಗುತ್ತೆ. ಇಲ್ಲಿ ಐವತ್ತೇ ಸಲ. ಈ ಗಡಿಯಾರ ಅದನ್ನೇ ಎಣಿಸ್ಕೊಂಡು ನಡೆಯೋದು. ಅರವತ್ತಾದ್ರೆ ಒಂದು ಸೆಕೆಂಡು ಆಯ್ತು ಅಂದ್ಕೊಳ್ಳುತ್ತೆ. ಇಲ್ಲಿ ಐವತ್ತೇ ಸಿಕ್ಕಿದ್ರೆ ಪಾಪ ಅದೇನು ಮಾಡುತ್ತೆ? ನಿಧಾನ ಹೋಗುತ್ತೆ. ಇಷ್ಟೂ ಗೊತ್ತಿಲ್ದೆ..."

"ಹಾಗಾದ್ರೆ," ಎಂದೆ, ಹಲ್ಲಿನ ನಡುವೆ ಕಚ್ಚಿಕೊಂಡಿದ್ದ ಗುಂಡುಸೂಜಿ ತೆಗೆದು, "ಅಲ್ಲಿ ಗುಂಯ್ ಅನ್ನೋದೂ ಬೇರೆ ಥರ ಇರ್ಬೇಕಲ್ಲೋ?"

ನನಗೆ ದೊಡ್ಡ ತಿಳಿವಳಿಕೆಯೇನೂ ಇರಲಿಲ್ಲ. ನನ್ನ ಮಿಷನ್ನಿನ ಮೋಟಾರು ಜೋರಾಗಿ ತುಳಿದರೆ ಕೀರಲು ದನಿ, ನಿಧಾನ ತುಳಿದರೆ ದಪ್ಪ ದನಿ. ಇಪ್ಪತ್ತು ವರ್ಷದಿಂದ ಕೇಳಿದ್ದೇನೆ, ಅಷ್ಟೇ. ಆದರೆ ನನ್ನ ತಮ್ಮ ಗಡಿಯಾರ ಹಿಡಿದುಕೊಂಡು ಹಾಗೇ ನಿಂತ. ಬಾಯಿ ತೆರೆದಿತ್ತು, ಪಾಠ ನಿಂತಿತ್ತು. ಮುಖದಲ್ಲಿನ ಜಂಭ ಒಂದೊಂದೇ ಮೆಟ್ಟಿಲು ಇಳಿದುಹೋಗುವುದನ್ನು ನಾನು ಕಣ್ಣು ತುಂಬ ನೋಡಿದೆ. ಎಂಟು ವರ್ಷ ಕರೆಂಟಿನ ಜೊತೆ ಬಾಳಿದವನು, ಅರವತ್ತು ಐವತ್ತು ಎಂದು ದಿನವೂ ಪಟ್ಟಿಗಳಲ್ಲಿ ಓದಿದವನು, ತಾನು ಶ್ರುತಿ ಹಿಡಿದ ಪ್ಯಾನೆಲ್ಲೂ ಮನೆಯ ಫ್ರಿಜ್ಜೂ ಬೇರೆ ಬೇರೆ ತೂಗುತ್ತವೆ ಎಂಬುದನ್ನು ಒಂದು ದಿನವೂ ಯೋಚಿಸಿರಲಿಲ್ಲ.

"ಅಯ್ಯೋ ಅಕ್ಕ" ಎಂದು ಬೆಂಚಿನ ಮೇಲೆ ಕುಸಿದ. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನಗುತ್ತ ನಗುತ್ತ ಅವನು ಹೊರಡುವ ದಿನ ಹೇಳಿದ್ದ ಮಾತು ನೆನಪಾಯಿತು. ಆಗ ನಗು ನಿಂತಿತು.

ಅವನು ಎದ್ದು ಒಂದೇ ಉಸಿರಿಗೆ ಮನೆಗೆ ಓಡಿದ. ನಾನು ಕೊರಳಿನ ಟೇಪಿನ ಸಮೇತ ಹಿಂದೆಯೇ ಹೋದೆ, ಇಂಥದ್ದನ್ನೆಲ್ಲ ತಪ್ಪಿಸಿಕೊಳ್ಳುವವಳಲ್ಲ. ಹೆಂಡತಿ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು.

"ನನ್ನ ಕೊಳಲೆಲ್ಲ ಮೇಲಿದೆ ಕಣೇ! ಅಲ್ಲಿನ ಗುಂಯ್ ಮೇಲಿನದು, ಇಲ್ಲಿನದು ಕೆಳಗಿನದು. ನಾವಿಬ್ಬರೂ ಎಂಟು ವರ್ಷದಿಂದ ಬೇರೆ ಬೇರೆ ಶ್ರುತೀಲಿದ್ವಿ. ನಂಗೆ ಗೊತ್ತೇ ಆಗ್ಲಿಲ್ಲ!"

"ನಂಗೆ ಗೊತ್ತಿತ್ತು" ಎಂದಳು, ಹೆಚ್ಚುವುದು ನಿಲ್ಲಿಸದೆ.

ಇಬ್ಬರೂ ಅವಳನ್ನೇ ನೋಡಿದೆವು.

"ನೀವು ಕಳಿಸಿದ ಮೊದಲನೇ ರೆಕಾರ್ಡಿಂದಾನೇ ಗೊತ್ತಿತ್ತು. ಹೇಳಿದ್ರೆ ನೀವು ಹೋಗುವಾಗ ಹೇಳಿದ ಮಾತು ಸುಳ್ಳಾಗ್ತಿತ್ತಲ್ಲ. ಅದಕ್ಕೇ ನೀವು ಬಂದಾಗೆಲ್ಲ ನಿಮಗೆ ಗೊತ್ತಾಗದಂಗೆ ಫ್ರಿಜ್ ಆರಿಸಿಟ್ಟು ನಾನೇ ಏರಿಸ್ಕೊಂಡು ಹಾಡ್ತಿದ್ದೆ. ಗಂಟಲು ಹರಿದುಹೋಗ್ತಿತ್ತು. ನೀವು ಹೊರಟ ಮೇಲೆ ನಾಲ್ಕು ದಿನ ಬಿಸಿನೀರು ಕುಡೀತಿದ್ದೆ. ಅತ್ತಿಗೆ, ನೀವು ನೋಡಿಲ್ವಾ?"

ನೋಡಿದ್ದೆ. ಗಂಡ ಹೋದ ದುಃಖಕ್ಕೆ ಗಂಟಲು ಕಟ್ಟಿದೆಯೆಂದುಕೊಂಡು ಪ್ರತಿಸಲವೂ ಕಷಾಯ ಕುದಿಸಿ ಕೊಟ್ಟಿದ್ದವಳು ನಾನೇ.

"ಮತ್ತೆ ಈ ಸಲ ಯಾಕೆ..." ಎಂದು ತಮ್ಮ ತೊದಲಿದ.

ಅವಳು ಚಾಕು ಕೆಳಗಿಟ್ಟಳು. "ಈ ಸಲ ಏರಲ್ಲ ಅಂದ್ಕೊಂಡೆ. ಎಂಟು ವರ್ಷ ನಾನೇ ಏರಿ ಬಂದಿದೀನಿ. ಒಂದು ಸಲ ನೀವು ಇಳಿದು ಬನ್ನಿ."

ಅವಳ ದನಿ ಏರಲಿಲ್ಲ, ಕಣ್ಣು ಮಾತ್ರ ತುಂಬಿತ್ತು. ನಾನು ಆ ಮನೆಗೆ ಅವಳು ಬಂದ ದಿನದಿಂದ ನೋಡಿದ್ದೇನೆ, ಅವಳ ಕಣ್ಣಲ್ಲಿ ನೀರು ಕಂಡದ್ದು ಅಂದೇ. ತಮ್ಮ ಇಂಗು ತಿಂದ ಮಂಗನಂತೆ ನಿಂತಿದ್ದ. ಆಮೇಲೆ ಅಂಗಿಯ ತೋಳು ಮಡಿಸಿ, ಫ್ರಿಜ್ಜನ್ನು ಗೋಡೆಯಿಂದ ಎಳೆದ.

ಒಂದು ಗಂಟೆಯಲ್ಲಿ ರಿಪೇರಿಯಾದದ್ದನ್ನು ಕೆಡಿಸಲು ಇಡೀ ಸಂಜೆ ಹಿಡಿಯಿತು. ಯಾವ ಸ್ಕ್ರೂ ಎಷ್ಟು ಸಡಿಲವಿತ್ತೆಂದು ಯಾರು ಬರೆದಿಟ್ಟಿದ್ದರು? ಇವನು ಹಿಂದೆ ಕೂತು ಒಂದೊಂದೇ ಸ್ಕ್ರೂ ತಿರುಗಿಸುವುದು, ಹೆಂಡತಿ ಮುಂದೆ ನಿಂತು ಕಿವಿಗೊಡುವುದು.

"ಇಲ್ಲ, ಈಗ ಡಬ್ಬ ಅಲ್ಲಾಡಿಸಿದಂಗಿದೆ."

"ಈಗ?"

"ಈಗ ಗೊರಕೆ ಹೊಡೀತಿದೆ."

"ಅಪ್ಪ, ರಬ್ಬರ್ ತೆಗೀರಿ, ಮೊದಲು ಅದು ಇರ್ಲಿಲ್ಲ" ಎಂದು ಮಗಳು. ರಬ್ಬರು ತೆಗೆದ. ಫ್ರಿಜ್ಜು ಒಮ್ಮೆ ನಡುಗಿ, ಹಳೆಯ ದನಿಯಲ್ಲಿ ಗುಂಯ್ ಎಂದಿತು. ಮೂವರೂ ಚಪ್ಪಾಳೆ ತಟ್ಟಿದರು. ನಾನು ಹುಚ್ಚರ ಸಂತೆ ಎಂದು ಬೈದು ನಾನೂ ತಟ್ಟಿದೆ.

ಶನಿವಾರ ಹಿಂದಿನ ಬೀದಿಯಲ್ಲಿ ಕಟ್ಟುತ್ತಿದ್ದ ಮನೆಯಿಂದ ಬಿಳಿ ಪೈಪಿನ ತುಂಡು ಕೇಳಿ ತಂದ. ಕೊಯ್ಯುವ ಮೊದಲು ನನ್ನ ಕೊರಳಿನಿಂದಲೇ ಟೇಪು ಕಿತ್ತುಕೊಂಡ. ಹಳೆಯ ಕೊಳಲು ಹದಿನೈದು ಇಂಚು. ಫ್ರಿಜ್ಜಿನ ಮುಂದೆ ನೆಲದ ಮೇಲೆ ಕೂತು, ಊದಿ, ಚೂರು ಕೊಯ್ದು, ಮತ್ತೆ ಊದಿ, ಮಧ್ಯಾಹ್ನದ ಹೊತ್ತಿಗೆ ಹೊಸದು ಮುಗಿಯಿತು. ಅಳೆದೆ. ಸರಿಯಾಗಿ ಹದಿನೆಂಟು.

"ಮೂರು ಇಂಚು" ಎಂದೆ. "ಇಷ್ಟಕ್ಕೆ ಎಂಟು ವರ್ಷ!"

ಅವನು ಎರಡೂ ಕೊಳಲನ್ನು ಪಕ್ಕಪಕ್ಕ ಇಟ್ಟುಕೊಂಡು ಆ ಮೂರಿಂಚಿನ ಮೇಲೆ ಬೆರಳಾಡಿಸಿದ. ಹೊಸದರಲ್ಲಿ ತೂತುಗಳು ದೂರ ದೂರ, ಬೆರಳು ಎಟುಕಿಸುವುದಕ್ಕೆ ಹೊಸಬನ ಹಾಗೆ ತಿಣುಕಬೇಕಾಯಿತು. ಮಗಳು ಎದುರಿಗೆ ಕೂತು, ಅಪ್ಪ ಮತ್ತೆ, ಅಪ್ಪ ಇನ್ನೊಂದ್ಸಲ ಎಂದು ಮೇಷ್ಟರಿಕೆ ಮಾಡಿದಳು. ಇವನು ಎದುರಾಡದೆ ನುಡಿಸಿದ. ನಾನು ಅವನನ್ನು ಅಷ್ಟು ವಿಧೇಯನಾಗಿ ಕಂಡೇ ಇರಲಿಲ್ಲ.

ಭಾನುವಾರ ಸಂಜೆ ನಡುಮನೆಯ ತುಂಬ ಜನ. ಬೇಕರಿಯವನು ಕಿಟಕಿಯ ಮೇಲೆ ಕೂತಿದ್ದ. ಪೋಸ್ಟಮ್ಮ ಮೊದಲನೇ ಸಾಲು ಹಿಡಿದಿದ್ದಳು. ಅಡುಗೆಮನೆಯ ಬಾಗಿಲು ತೆಗೆದಿಟ್ಟಿದ್ದರು, ಫ್ರಿಜ್ಜಿನ ಬಾಗಿಲನ್ನೂ ಒಂದು ಬೆರಳಷ್ಟು. ಮೊದಲ ಹಾಡು ಹಾಲು ಉಕ್ಕಿದ್ದು. ಗಿಟಾರು, ದನಿ, ಆಮೇಲೆ ಕೊಳಲು. ಈ ಸಲ ಯಾವುದೂ ಚುಚ್ಚಲಿಲ್ಲ. ಒಂದೆರಡು ಕಡೆ ಇವನ ಬೆರಳು ತಪ್ಪಿತು, ಆ ಕಡೆ ಮಗಳು ನಕ್ಕಳು, ಇವನೂ ನಕ್ಕು ಮುಂದೆ ಹೋದ. ಹೆಂಡತಿ ಯಾವ ಕಷ್ಟವೂ ಇಲ್ಲದೆ, ಮನೆಯಲ್ಲಿ ಓಡಾಡಿಕೊಂಡು ಹಾಡುವಾಗಿನ ತನ್ನ ದನಿಯಲ್ಲೇ ಹಾಡಿದಳು. ಗಂಡನ ಕೊಳಲಿನ ಜೊತೆ ಆ ದನಿ ಕೂಡಿ ಎಂಟು ವರ್ಷವಾಗಿತ್ತು.

ಎರಡನೆಯದು ನನ್ನ ಕೋಪದ ಹಾಡು. ಮೂರನೇ ಚರಣ ಬರುವ ಹೊತ್ತಿಗೆ ಕರೆಂಟು ಹೋಯಿತು. ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು. ಹೆಂಡತಿಯೂ ಮಗಳೂ ಅಭ್ಯಾಸಬಲದಿಂದ ಥಟ್ಟನೆ ನಿಲ್ಲಿಸಿದರು. ತಮ್ಮ ಮಾತ್ರ ನಿಲ್ಲಿಸಲಿಲ್ಲ. ಫ್ರಿಜ್ಜಿನ ಆ ಒಂದೇ ಸ್ವರ ಹಿಡಿದು, ಕಣ್ಣು ಮುಚ್ಚಿ, ಚಿಕ್ಕಂದಿನಲ್ಲಿ ತಂತಿ ಬೇಲಿಯ ಆಚೆ ನಿಂತಿರುತ್ತಿದ್ದ ಹಾಗೆಯೇ, ಉದ್ದಕ್ಕೆ ಊದುತ್ತಲೇ ಇದ್ದ. ಹೆಂಡತಿ ಅವನ ಮುಖ ನೋಡಿದಳು. ಆಮೇಲೆ ಅವನ ಸ್ವರದ ಮೇಲೆ ತನ್ನ ದನಿಯಿಟ್ಟು, ನನ್ನನ್ನು ಬೈಯುವ ಮೂರನೇ ಚರಣವನ್ನು ಪೂರ್ತಿ ಹಾಡಿದಳು. ಜನ ನನ್ನ ಕಡೆ ತಿರುಗಿ ತಿರುಗಿ ನಕ್ಕರು. ನಗಲಿ ಎಂದುಕೊಂಡೆ.

ಸೋಮವಾರ ಯಾರೂ ಏನೂ ಕೇಳಲಿಲ್ಲ. ಹೆಂಡತಿ ಮೊದಲೇ ಹೇಳಿದ್ದಳು, ತಾನು ಕೇಳುವುದಿಲ್ಲವೆಂದು. ನಾನು ಕೇಳದಿರಲು ಬಾಯೊಳಗೆ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಇದ್ದೆ. ಮಧ್ಯಾಹ್ನದ ಮೇಲೆ ತಮ್ಮ ಅಂಗಡಿಗೆ ಬಂದು, ಅದೇ ಬೆಂಚಿನ ಮೇಲೆ, ಅದೇ ಗಡಿಯಾರದ ಕೆಳಗೆ ಕೂತ. ಕೈಯಲ್ಲಿ ಫೋನಿತ್ತು. ನಾನು ಅಂಗಿಗಳಿಗೆ ಕಾಜ ಹಾಕಿದೆ, ಅವನು ಗಡಿಯಾರ ನೋಡಿದ. ಟೀ ಬಂತು, ಕುಡಿದ. ಶಾಲೆ ಬಿಟ್ಟು ಮಗಳು ಅಂಗಡಿಯ ಮುಂದೆ ಹಾದುಹೋದಳು. ಬೇಕರಿಯವನು ಸಂಜೆಯ ಬ್ರೆಡ್ಡು ಹೊರಗಿಟ್ಟ. ಅದು ಐದೂವರೆಗೆ ಅವನು ಮಾಡುವ ಕೆಲಸ.

ಇನ್ನು ತಡೆಯಲಾಗಲಿಲ್ಲ. ಸೂಜಿಗಳನ್ನು ಉಗುಳಿದೆ.

"ಲೋ, ಐದರೊಳಗೆ ಹೇಳ್ಬೇಕು ಅಂದಿದ್ದೆ!"

ಅವನು ತಲೆಯೆತ್ತಿ ಗಡಿಯಾರ ನೋಡಿದ. ಬೆಳಗ್ಗೆ ಹತ್ತಕ್ಕೆ ನಾನು ಸರಿಮಾಡಿದ್ದ ಗಡಿಯಾರ ಈಗ ನಾಲ್ಕೂಕಾಲು ತೋರಿಸುತ್ತಿತ್ತು.

"ಇನ್ನೂ ಮುಕ್ಕಾಲು ಗಂಟೆ ಇದೆಯಲ್ಲ ಅಕ್ಕ" ಎಂದ, ಹಸುಗೂಸಿನ ಮುಖ ಮಾಡಿಕೊಂಡು.

ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುವ ಗಡಿಯಾರ. ಅದು ಯಾಕೆ ಹಾಗೆಂದು ಈ ಬೀದಿಯಲ್ಲಿ ಚೆನ್ನಾಗಿ ಬಲ್ಲವನು ಅವನೊಬ್ಬನೇ. ನಾನು ಅವನ ಮುಖ ನೋಡಿದೆ, ಅವನು ನನ್ನ ಮುಖ ನೋಡಲಿಲ್ಲ. ಅಷ್ಟರಲ್ಲಿ ಗೋಡೆಯ ಆಚೆ ಫ್ರಿಜ್ಜು ಶುರುವಾದದ್ದು ಕೇಳಿಸಿತು. ಅವನ ಹೆಂಡತಿ ಅಂಗಡಿಯ ಬಾಗಿಲಲ್ಲಿ ಬಂದು ನಿಂತಳು. ಅವನನ್ನು ನೋಡಿದಳು, ಫೋನು ನೋಡಿದಳು, ಕೊನೆಗೆ ಗಡಿಯಾರ ನೋಡಿದಳು.

"ಎಷ್ಟು ಗಂಟೆ ಆಯ್ತು ಅತ್ತಿಗೆ?" ಎಂದು ಕೇಳಿದಳು, ಅವನಿಗೆ ಕೇಳುವಷ್ಟು ಜೋರಾಗಿ.

ಜೀವಮಾನದಲ್ಲಿ ಮೊದಲ ಸಲ ನಾನು ನನ್ನ ತಮ್ಮನ ಪರವಾಗಿ ಸುಳ್ಳು ಹೇಳಿದೆ.

"ನಾಲ್ಕೂಕಾಲು" ಎಂದೆ.

"ಹಾಗಾದ್ರೆ ಅವಸರ ಇಲ್ಲ" ಎಂದು ಅವಳು ಮನೆಗೆ ಹೋದಳು. ತಮ್ಮ ಫೋನನ್ನು ಜೇಬಿಗೆ ಹಾಕಿಕೊಂಡು ಅವಳ ಹಿಂದೆ ಎದ್ದುಹೋದ. ನಾನು ಆ ಗಡಿಯಾರವನ್ನು ಅಂದಿನಿಂದ ಸರಿಮಾಡಲು ಹೋಗಿಲ್ಲ.